ಲೋಟದೊಳಗೆ ಬಾವಿ ತೋಡುವ ಮೇಣದಬತ್ತಿ

ಹೋದ ಸಂಚಿಕೆಯಲ್ಲಿ 'ಮನೆಯಲ್ಲೇ ಕ್ಯಾಂಡಲ್ ಮಾಡುವವರಿದ್ದರೆ ಬರೆಯಿರಿ' ಎಂದು ಒಂದೇ ಒಂದು ಸಾಲು ಹಾಕಿದ್ದೆ. ಇಷ್ಟೊಂದು ಜನ ಇದ್ದೀರಿ ಅಂತ ಗೊತ್ತೇ ಇರಲಿಲ್ಲ! ಹೆಚ್ಚಿನವರ ಗೋಳು ಒಂದೇ. ಫೋಟೋದಲ್ಲಿ ಚೆಂದ ಕಾಣುತ್ತದೆ, ಹಚ್ಚಿದರೆ ಮರ್ಯಾದೆ ಹೋಗುತ್ತದೆ. ನಾನೂ ಕೆಲವು ವರ್ಷಗಳಿಂದ ಅಡುಗೆಮನೆ ಕಟ್ಟೆಯ ಮೇಲೆ ಮೇಣ ಚೆಲ್ಲಿಕೊಂಡು ಬೈಸಿಕೊಂಡವಳೇ. ಹಾಗಾಗಿ ಗೊತ್ತಿದ್ದಷ್ಟು ಹೇಳುತ್ತೇನೆ.

ಗಾಜಿನ ಲೋಟದಲ್ಲಿ ಸೋಯಾ ಮೇಣ ಹಾಕಿ ಕ್ಯಾಂಡಲ್ ಮಾಡುತ್ತೇನೆ. ಹಚ್ಚಿದರೆ ನಡುವೆ ಮಾತ್ರ ಕರಗಿ ಬಾವಿ ತೋಡಿದ ಹಾಗೆ ಇಳಿಯುತ್ತದೆ. ಸುತ್ತಲಿನ ಮೇಣ ಹಾಗೇ ಉಳಿದು ಕೊನೆಗೆ ಬತ್ತಿ ಮುಳುಗಿ ಆರಿಹೋಗುತ್ತದೆ. ಮೇಣ ಕಲಬೆರಕೆ ಇರಬಹುದೇ? — ಓದುಗರು, ದಾವಣಗೆರೆ

ಪಾಪ, ಮೇಣವನ್ನು ಬೈಯಬೇಡಿ. ನಿಮ್ಮ ಬತ್ತಿ ಸಣ್ಣದಾಗಿದೆ.

ಒಂದು ಆಟ ಆಡಿ ನೋಡಿ. ಹತ್ತು ನಿಮಿಷ ಚೆನ್ನಾಗಿ ಉರಿದ ಕ್ಯಾಂಡಲನ್ನು ಊದಿ ಆರಿಸಿ. ಬತ್ತಿಯಿಂದ ಎಳೆ ಎಳೆಯಾಗಿ ಬಿಳಿ ಹೊಗೆ ಏಳುತ್ತದಲ್ಲ, ತಕ್ಷಣ ಆ ಹೊಗೆಗೆ ಬೆಂಕಿಕಡ್ಡಿ ಹಿಡಿಯಿರಿ. ಬತ್ತಿಗೆ ತಾಗಿಸಬೇಡಿ, ಒಂದೆರಡು ಅಂಗುಲ ಮೇಲೇ ಇರಲಿ. ಬೆಂಕಿ ಹೊಗೆಯ ಜಾಡು ಹಿಡಿದು ಕೆಳಗೆ ಹಾರಿ ಬತ್ತಿಯನ್ನು ಹಚ್ಚುತ್ತದೆ. ಯಾಕೆಂದರೆ ಅದು ಬರೀ ಹೊಗೆಯಲ್ಲ, ಮೇಣದ ಆವಿ. ಕ್ಯಾಂಡಲಿನಲ್ಲಿ ಮುಖ್ಯವಾಗಿ ಉರಿಯುವುದು ಆ ಆವಿಯೇ. ಬತ್ತಿಯ ಕೆಲಸ ಕರಗಿದ ಮೇಣವನ್ನು ಮೇಲಕ್ಕೆ ಎಳೆದು ಕೊಡುವುದು. ಬತ್ತಿ ಸಣ್ಣದಾದರೆ ಮೇಣ ಕಮ್ಮಿ ಏರುತ್ತದೆ, ಉರಿ ಚಿಕ್ಕದಾಗುತ್ತದೆ, ಶಾಖ ಲೋಟದ ಅಂಚಿಗೆ ಮುಟ್ಟುವುದಿಲ್ಲ. ಆಗ ಬಾವಿ. ದಪ್ಪವಾದರೆ ಉರಿ ಕುಣಿಯುತ್ತದೆ, ಗಾಜಿನ ಬಾಯಿಗೆ ಮಸಿ ಹಿಡಿಯುತ್ತದೆ, ಲೋಟ ಮುಟ್ಟಲಾಗದಷ್ಟು ಕಾಯುತ್ತದೆ.

ಸಾಮಾನ್ಯ ಲೆಕ್ಕ ಏನೆಂದರೆ ಲೋಟದ ಅಗಲ ಎರಡೂವರೆ ಸೆಂಟಿಮೀಟರಿಗೆ ಒಂದು ಗಂಟೆ. ಏಳೂವರೆ ಸೆಂಟಿಮೀಟರ್ ಅಗಲದ ಲೋಟವಾದರೆ ಮೂರು ಗಂಟೆಯ ಹೊತ್ತಿಗೆ ಕರಗಿದ ಮೇಣ ಅಂಚು ಮುಟ್ಟಬೇಕು. ಆದರೆ ಇದನ್ನು ನಂಬಿ ನಾನು ಒಮ್ಮೆ ಕೆಟ್ಟಿದ್ದೇನೆ. ಮೊದಲ ಸಲವೇ ಅಂಚು ಮುಟ್ಟಿತು ಎಂದು ಕುಣಿದು, ಅದೇ ಬತ್ತಿ ಹಾಕಿ ಹನ್ನೆರಡು ಲೋಟ ಮಾಡಿಬಿಟ್ಟೆ. ಉರಿ ಕೆಳಗಿಳಿದ ಮೇಲೆ ಗೊತ್ತಾಯಿತು. ಅಲ್ಲಿ ಗಾಜಿನ ಗೋಡೆ ಶಾಖವನ್ನು ಹಿಡಿದಿಡುತ್ತದೆ, ಅದೇ ಬತ್ತಿ ಕೆಳಗೆ ಜಾಸ್ತಿ ಬಿಸಿಯಾಗಿ ಉರಿಯುತ್ತದೆ. ಹನ್ನೆರಡೂ ಕಪ್ಪು. ಅದಕ್ಕೇ ಹೇಳುವುದು, ಮೊದಲ ಸಲ ಅಂಚಿನಲ್ಲಿ ಸ್ವಲ್ಪ ಮೇಣ ಉಳಿದರೆ ಗಾಬರಿ ಬೇಡ. ಎರಡನೇ ಮೂರನೇ ಸಲಕ್ಕೆ ಅಂಚು ಮುಟ್ಟಿದರೆ ಸಾಕು.

ಪರೀಕ್ಷೆ ಮಾಡುವುದು ಹೀಗೆ. ಒಂದೇ ಥರದ ಮೂರು ಲೋಟ, ಒಂದೇ ಮೇಣ, ಒಂದೇ ಸೆಂಟು, ಬತ್ತಿ ಮಾತ್ರ ಮೂರು ಅಳತೆ. ಒಂದೇ ಸಲಕ್ಕೆ ಎರಡು ಸಂಗತಿ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಬತ್ತಿಯನ್ನು 5-6 ಮಿಲಿಮೀಟರಿಗೆ ಕತ್ತರಿಸಿ, ಅಡುಗೆಮನೆ ತಕ್ಕಡಿಯಲ್ಲಿ ಲೋಟದ ಸಮೇತ ತೂಕ ಮಾಡಿ, ನಾಲ್ಕು ಗಂಟೆ ಉರಿಸಿ. ಫ್ಯಾನ್ ಆಫ್! ಫ್ಯಾನ್ ಕೆಳಗೆ ಉರಿಸಿ 'ಮಸಿ ಬರುತ್ತಿದೆ' ಎಂದು ಬರೆದವರು ನಾಲ್ಕು ಜನ ಇದ್ದೀರಿ. ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಮತ್ತೆ ತೂಕ ಮಾಡಿ. ಮರುದಿನ ಮತ್ತೆ ಬತ್ತಿ ಕತ್ತರಿಸಿ ನಾಲ್ಕು ಗಂಟೆ. ಹೀಗೆ ತಳದಲ್ಲಿ ಒಂದು ಸೆಂಟಿಮೀಟರ್ ಉಳಿಯುವವರೆಗೆ. ಅದಕ್ಕಿಂತ ಕೆಳಗೆ ಉರಿಸಬಾರದು, ತಳದ ಗಾಜು ಸೀಳಬಹುದು.

ನನ್ನ ನೋಟ್‌ಬುಕ್ಕಿನ ಒಂದು ಸಾಲು ಇಲ್ಲಿದೆ: 'ನಡುವಿನ ಲೋಟ, 3ನೇ ಸಲ. 412ರಿಂದ 392 ಗ್ರಾಂ. ಬತ್ತಿಯ ತುದಿಯಲ್ಲಿ ಅಣಬೆಯಂಥ ಕರಿ ಗಂಟು, ಸಣ್ಣದು. ಬಾಯಿಗೆ ಮಸಿ ಇಲ್ಲ. ಲೋಟ ಕೈಯಲ್ಲಿ ಹಿಡಿಯಬಹುದು.' ನಾಲ್ಕು ಗಂಟೆಗೆ 20 ಗ್ರಾಂ, ಅಂದರೆ ಗಂಟೆಗೆ 5. ಲೋಟದಲ್ಲಿ ಮೊದಲಿಗೆ ಇದ್ದ ಮೇಣ 180 ಗ್ರಾಂ, ತಳದ 20 ಬಿಟ್ಟರೆ 160. ಸುಮಾರು 32 ಗಂಟೆ ಉರಿಯುತ್ತದೆ ಎಂದು ಧೈರ್ಯವಾಗಿ ಚೀಟಿಯಲ್ಲಿ ಬರೆಯಬಹುದು. ಸುಮ್ನೆ '50 ಗಂಟೆ' ಅಂತ ಬರೆಯುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ದೇವರ ದೀಪಕ್ಕೆ ಹೊಸೆದ ಹತ್ತಿಬತ್ತಿಯನ್ನೇ ಹಾಕಬಹುದಲ್ವಾ? ಮನೆಯಲ್ಲಿ ರಾಶಿ ಇದೆ. — ಓದುಗರು, ಮೈಸೂರು

ಹಾಕಬಹುದು, ಉರಿಯುತ್ತದೆ, ಆಮೇಲೆ ಕಾಟ ಕೊಡುತ್ತದೆ. ಹಣತೆಯಲ್ಲಿ ಬತ್ತಿ ಸುಟ್ಟ ಹಾಗೆ ನೀವೇ ಮುಂದಕ್ಕೆ ಸರಿಸುತ್ತೀರಿ, ಕುಡಿ ತೆಗೆಯುತ್ತೀರಿ. ಕ್ಯಾಂಡಲ್ ಬತ್ತಿಗೆ ಆ ಸೇವೆ ಸಿಗುವುದಿಲ್ಲ. ಅದಕ್ಕಾಗಿ ಅದನ್ನು ಜಡೆ ಹಾಗೆ ಹೆಣೆದಿರುತ್ತಾರೆ. ಹೆಣೆದ ಬತ್ತಿ ಉರಿಯುವಾಗ ತುದಿ ಒಂದು ಪಕ್ಕಕ್ಕೆ ಬಾಗಿ ಉರಿಯ ಅಂಚಿಗೆ ಬರುತ್ತದೆ, ಅಲ್ಲಿ ಗಾಳಿ ಸಿಕ್ಕಿ ತಾನೇ ಬೂದಿಯಾಗುತ್ತದೆ. ಈ ಉಪಾಯ ಬಂದದ್ದು 1820ರ ದಶಕದಲ್ಲಿ, ಫ್ರಾನ್ಸಿನಲ್ಲಿ. ಅದಕ್ಕೆ ಮುಂಚೆ ಯುರೋಪಿನ ಮನೆಗಳಲ್ಲಿ ಕುಡಿ ಕತ್ತರಿಸಲೆಂದೇ ಒಂದು ಕತ್ತರಿ ಇರುತ್ತಿತ್ತು. ಹೊಸೆದ ಬತ್ತಿ ಬಾಗುವುದಿಲ್ಲ, ಉದ್ದುದ್ದ ಬೆಳೆದು ಹೊಗೆ ಕಾರುತ್ತದೆ. ನಿಮ್ಮ ಹತ್ತಿಬತ್ತಿ ದೀಪಕ್ಕೇ ಇರಲಿ.

ನಮ್ಮ ತೋಟದ ಜೇನುಮೇಣದಿಂದ ಮಾಡಿದೆ. ಚಟಪಟ ಸದ್ದು ಮಾಡುತ್ತದೆ, ಬಣ್ಣವೂ ಕಪ್ಪಾಗಿದೆ. — ಓದುಗರು, ಶಿರಸಿ

ಹೊಟ್ಟೆಕಿಚ್ಚಾಯಿತು ನಿಮ್ಮ ಪತ್ರ ಓದಿ. ಪೇಟೆಯಲ್ಲಿ ಜೇನುಮೇಣ ಎಂದು ಕೊಡುವುದರಲ್ಲಿ ಎಷ್ಟು ಪ್ಯಾರಾಫಿನ್ (ಪೆಟ್ರೋಲಿಯಂ ಮೇಣ) ಸೇರಿರುತ್ತದೋ ದೇವರೇ ಬಲ್ಲ.

ಚಟಪಟ ಎಂದರೆ ನೀರು ಉಳಿದಿದೆ. ತಟ್ಟನ್ನು ಬಟ್ಟೆಯಲ್ಲಿ ಕಟ್ಟಿ ನೀರಲ್ಲಿ ಕುದಿಸಿ, ತಣ್ಣಗಾದ ಮೇಲೆ ಮೇಲೆ ತೇಲುವ ಬಿಲ್ಲೆಯನ್ನು ತೆಗೆದಿರುತ್ತೀರಿ, ಅಲ್ವಾ? ಆ ಬಿಲ್ಲೆಯ ಅಡಿಯಲ್ಲಿ ಅಂಟಿರುವ ಕಸವನ್ನು ಚಾಕುವಿನಿಂದ ಕೆರೆದು, ಎರಡು ದಿನ ಒಣಗಿಸಿ, ಮತ್ತೆ ಕರಗಿಸಿ ತೆಳುವಾದ ಬಟ್ಟೆಯಲ್ಲಿ ಸೋಸಿ. ಕಪ್ಪಾಗಲು ಪಾತ್ರೆಯೂ ಕಾರಣ ಇರಬಹುದು. ಕಬ್ಬಿಣ, ತಾಮ್ರ ಎರಡೂ ಜೇನುಮೇಣದ ಬಣ್ಣ ಕೆಡಿಸುತ್ತವೆ, ಸ್ಟೀಲ್ ಬಳಸಿ. ಇನ್ನೊಂದು ಮಾತು, ತುಡುವೆ ಮತ್ತು ಹೆಜ್ಜೇನಿನ ಮೇಣ ಸರಿ. ಕುಟುಕದ ಪುಟ್ಟ ಮಿಸರಿ ಜೇನಿನದ್ದು ಬೇಡ, ಅದರಲ್ಲಿ ಗಿಡದ ಅಂಟು ಸೇರಿರುತ್ತದೆ. ಜೇನುಮೇಣ ಕರಗಲು 62ರಿಂದ 64 ಡಿಗ್ರಿ ಬೇಕು, ಗಟ್ಟಿ ಮೇಣ. ಹಾಗಾಗಿ ಸೋಯಾಕ್ಕೆ ಹಾಕುವ ಬತ್ತಿಗಿಂತ ದಪ್ಪದ್ದರಿಂದಲೇ ಪರೀಕ್ಷೆ ಶುರುಮಾಡಿ.

ಏಪ್ರಿಲ್‌ನಲ್ಲಿ ಕಳಿಸಿದ ಪಾರ್ಸೆಲ್ ಕರಗಿ ಪಾಯಸವಾಗಿತ್ತು ಎಂದು ಗಿರಾಕಿ ಫೋಟೋ ಕಳಿಸಿದರು. — ಓದುಗರು, ಕಲಬುರಗಿ

ನಿಮ್ಮೂರಿನ ಬೇಸಿಗೆಗೆ ಸೋಯಾ ಒಗ್ಗುವುದಿಲ್ಲ. ಲೋಟಕ್ಕೆ ಹಾಕುವ ಸೋಯಾ ಮೇಣ 50 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ, ಬಿಸಿಲಲ್ಲಿ ನಿಂತ ಲಾರಿಯ ಒಳಗೆ ಅಷ್ಟಾಗಲು ಎಷ್ಟು ಹೊತ್ತು? 58-60 ಡಿಗ್ರಿಯ ಪ್ಯಾರಾಫಿನ್ ಬೆರೆಸಿ ನೋಡಿ, ಆದರೆ ಮಿಶ್ರಣ ಬದಲಾದರೆ ಬತ್ತಿಯ ಪರೀಕ್ಷೆ ಮೊದಲಿಂದ. ಇಲ್ಲವೇ ಮಾರ್ಚ್‌ನಿಂದ ಮೇವರೆಗೆ ಊರೊಳಗೇ ಮಾರಿ.

ಮಲ್ಲಿಗೆ ಸೆಂಟ್ ಎಷ್ಟು ಹಾಕಿದರೂ ಹಚ್ಚಿದಾಗ ವಾಸನೆಯೇ ಬರುವುದಿಲ್ಲ. ಮೈಗೆ ಹಾಕುವ ಪರ್ಫ್ಯೂಮ್ ಹಾಕಲೇ? ಒಣ ಗುಲಾಬಿ ಪಕಳೆ ಅಲಂಕಾರಕ್ಕೆ ಇಟ್ಟಿದ್ದೇನೆ. — ಓದುಗರು, ಬೆಂಗಳೂರು

ಎರಡೂ ಬೇಡ! ಪರ್ಫ್ಯೂಮಿನಲ್ಲಿ ಬಹುಪಾಲು ಆಲ್ಕೋಹಾಲ್, ಬಿಸಿ ಮೇಣಕ್ಕೆ ಅದನ್ನು ಸುರಿಯುವುದು ಬೆಂಕಿಯ ಜೊತೆ ಸರಸ. ಪಕಳೆ ಇನ್ನೊಂದು ಬತ್ತಿಯಾಗುತ್ತದೆ. ಮೇಣ ಕರಗಿದಾಗ ತೇಲಿ ಉರಿಯ ಹತ್ತಿರ ಬಂದು ಹೊತ್ತಿಕೊಳ್ಳುತ್ತದೆ. ಇನ್‌ಸ್ಟಾಗ್ರಾಮಿನಲ್ಲಿ ಚೆಂದ, ಟೀಪಾಯಿ ಮೇಲೆ ಅಲ್ಲ.

ಕ್ಯಾಂಡಲಿಗೆಂದೇ ಮಾರುವ ಪರಿಮಳದ ಎಣ್ಣೆಯನ್ನು ತೂಕದಲ್ಲಿ ಅಳೆಯಿರಿ, ಮುಚ್ಚಳದಲ್ಲಿ ಅಲ್ಲ. 200 ಗ್ರಾಂ ಮೇಣಕ್ಕೆ ಶೇಕಡಾ 6 ಅಂದರೆ 12 ಗ್ರಾಂ, ಅಲ್ಲಿಂದ ಶುರುಮಾಡಿ. ಜಾಸ್ತಿ ಹಾಕಿದರೆ ಮೇಣ ಹೀರುವುದಿಲ್ಲ, ಮೇಲೆ ಬೆವರುತ್ತದೆ. ಆಮೇಲೆ ತಾಳ್ಮೆ. ಸೋಯಾ ಕ್ಯಾಂಡಲನ್ನು ಮುಚ್ಚಿ ಎರಡು ವಾರ ಸುಮ್ಮನೆ ಇಡಿ. ಮರುದಿನವೇ ಹಚ್ಚಿ ಮೂಸಿದರೆ ಮಲ್ಲಿಗೆ ಎಲ್ಲಿಂದ ಬರಬೇಕು? ಮತ್ತೆ, ಇಡೀ ದಿನ ಅದೇ ಮನೆಯಲ್ಲಿದ್ದ ನಿಮ್ಮ ಮೂಗನ್ನು ನಂಬಬೇಡಿ. ಹೊರಗಿನಿಂದ ಬಂದವರನ್ನು ಕೇಳಿ.

ಬಣ್ಣಕ್ಕೆ ಕುಂಕುಮ, ಕ್ರೇಯಾನ್ ಹಾಕಿದ್ದೀರೆಂದು ಬೇರೆ ಇಬ್ಬರು ಬರೆದಿದ್ದೀರಿ. ಅವುಗಳಲ್ಲಿರುವ ಬಣ್ಣದ ಪುಡಿ ಮೇಣದಲ್ಲಿ ಕರಗುವುದಿಲ್ಲ, ಹಾಗೇ ಉಳಿದು ಬತ್ತಿಯ ಬಾಯಿ ಕಟ್ಟುತ್ತದೆ.

ಮೊಂಬತ್ತಿ ಮಾಡಿ ಮಾರಬೇಕೆಂದಿದ್ದೇನೆ. ಲೈಸೆನ್ಸ್ ಏನು ಬೇಕು, ಬೆಲೆ ಹೇಗೆ ಹಾಕಲಿ? — ಓದುಗರು, ಹುಬ್ಬಳ್ಳಿ

ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಆನ್‌ಲೈನ್‌ನಲ್ಲಿ ಉಚಿತ, ಆಧಾರ್, ಪ್ಯಾನ್ ಇದ್ದರೆ ಆಯಿತು. ಮಾಡಿಕೊಡುತ್ತೇವೆಂದು ದುಡ್ಡು ಕೇಳುವವರ ಹತ್ತಿರ ಹೋಗಬೇಡಿ. ರಾಜ್ಯದೊಳಗೇ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಡ. ಹೊರರಾಜ್ಯಕ್ಕೆ ಕಳಿಸುವುದಾದರೆ ಲೆಕ್ಕ ಬೇರೆ, ಆಗ ಅಕೌಂಟೆಂಟರನ್ನು ಕೇಳಿ. ಡಬ್ಬಿಯ ಮೇಲೆ ನಿಮ್ಮ ಹೆಸರು, ವಿಳಾಸ, ತಯಾರಿಸಿದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರಿಗೆ ಒಂದು ಫೋನ್ ನಂಬರ್, ನಿವ್ವಳ ತೂಕ ಇರಲೇಬೇಕು. ಗಾಜಿನ ತೂಕ ಸೇರಿಸಿ ಬರೆಯುವ ಹಾಗಿಲ್ಲ ಮತ್ತೆ.

ಬೆಲೆಯಲ್ಲಿ ಎಲ್ಲರೂ ಮರೆಯುವುದು ಎರಡು ಖರ್ಚು. ಒಂದು, ಪರೀಕ್ಷೆಗೆಂದು ಉರಿಸಿ ಬೂದಿ ಮಾಡಿದ ಕ್ಯಾಂಡಲುಗಳು. ಇನ್ನೊಂದು, ನಿಮ್ಮ ಕೂಲಿ. 'ಮನೆಯಲ್ಲೇ ಇರ್ತೀನಲ್ಲ' ಎಂದು ಬರೆದಿದ್ದೀರಿ. ಇದ್ದರೇನಂತೆ? ನೀವಿಲ್ಲದಿದ್ದರೆ ಆ ಕೆಲಸಕ್ಕೆ ಒಬ್ಬರನ್ನು ಇಟ್ಟುಕೊಳ್ಳಬೇಕಿತ್ತು ತಾನೇ? ಅವರಿಗೆ ಕೊಡುವಷ್ಟನ್ನು ಬೆಲೆಗೆ ಸೇರಿಸಿ.

ಮೇಣವನ್ನು ನೇರ ಗ್ಯಾಸ್ ಮೇಲೆ ಕಾಯಿಸಬಹುದೇ? ಉಳಿದದ್ದನ್ನು ಏನು ಮಾಡಲಿ? — ಓದುಗರು, ಉಡುಪಿ

ಬೇಡ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಯುತ್ತಿರಲಿ, ಅದರೊಳಗೆ ಮೇಣದ ಪಾತ್ರೆ. ಹೀಗೆ ಮಾಡಿದರೆ, ನೀರು ಆರದಂತೆ ನೋಡಿಕೊಂಡಷ್ಟು ಹೊತ್ತು ಮೇಣದ ಶಾಖ 100 ಡಿಗ್ರಿ ದಾಟುವುದಿಲ್ಲ. ನೇರ ಉರಿಯಲ್ಲಿ ಮಿತಿಯೇ ಇಲ್ಲ. ಒಮ್ಮೆ ಫೋನ್ ಬಂತೆಂದು ಹೊರಗೆ ಹೋದೆ, ಬಂದು ನೋಡಿದರೆ ಪಾತ್ರೆಯಿಂದ ದಟ್ಟ ಹೊಗೆ. ಇನ್ನೆರಡು ನಿಮಿಷ ಬಿಟ್ಟಿದ್ದರೆ ಹೊತ್ತಿಕೊಳ್ಳುತ್ತಿತ್ತು. ಹೊತ್ತಿಕೊಂಡರೆ ನೀರು ಹಾಕಲೇಬೇಡಿ. ನೀರು ಮೇಣದ ಅಡಿಗೆ ಇಳಿದು, ತಕ್ಷಣ ಆವಿಯಾಗಿ, ಉರಿಯುವ ಮೇಣವನ್ನು ಸೂರಿನವರೆಗೆ ಎರಚುತ್ತದೆ. ಗ್ಯಾಸ್ ಆಫ್ ಮಾಡಿ, ತಟ್ಟೆ ಮುಚ್ಚಿ, ತೆಗೆದು ನೋಡುವ ಆತುರ ಬೇಡ.

ಉಳಿದ ಮೇಣವನ್ನು ಪೇಪರ್ ಕಪ್ಪಿನಲ್ಲಿ ಗಟ್ಟಿಯಾಗಲು ಬಿಟ್ಟು, ಮುಂದಿನ ಪರೀಕ್ಷೆಗೆ ಇಟ್ಟುಕೊಳ್ಳಿ. ಪಾತ್ರೆಯನ್ನು ಬಿಸಿ ಇರುವಾಗಲೇ ಹಳೇ ಪೇಪರಿನಿಂದ ಒರೆಸಿ. ಸಿಂಕಿಗೆ ಮಾತ್ರ ಸುರಿಯಬೇಡಿ. ನಮ್ಮನೆಗೆ ಪ್ಲಂಬರ್ ಎರಡು ಸಲ ಬಂದು ಹೋಗಿದ್ದಾರೆ, ಎರಡನೇ ಸಲ ನಗುತ್ತಲೇ ಒಳಗೆ ಬಂದರು.