ಎಲ್ಲರ ಗುಂಪೂ ಆಗೋಯ್ತು, ನಾನೊಬ್ಬಳೇ ಉಳಿದೆ

ಕಾಲೇಜು ಶುರುವಾಗಿ ಎರಡು ತಿಂಗಳಾದರೆ ಸಾಕು, ನನಗೆ ಬರುವ ಪತ್ರಗಳೆಲ್ಲ ಒಂದೇ ಥರ ಆಗಿಬಿಡುತ್ತವೆ. ಹೆಸರು ಬೇರೆ, ಕೋರ್ಸ್ ಬೇರೆ, ಗೋಳು ಒಂದೇ. ವಿದ್ಯಾರ್ಥಿಗಳ ಆಪ್ತ ಸಮಾಲೋಚಕಿಯಾಗಿ ಇದಕ್ಕೆ ವರ್ಷಾವರ್ಷ ಉತ್ತರ ಹೇಳಿ ಸಾಕಾಗಿದೆ. ಈ ಸಲ ಒಂದು ಪತ್ರಕ್ಕೆ ಉದ್ದವಾಗಿ ಬರೆಯುತ್ತೇನೆ. ಮುಂದಿನ ವರ್ಷ ಇದನ್ನೇ ಕೇಳಿದವರಿಗೆ ಈ ಪುಟವನ್ನೇ ಕಳಿಸಿದರಾಯಿತು.

ಮೇಡಂ, ನಾನು ಮೊದಲ ವರ್ಷದ ವಿದ್ಯಾರ್ಥಿನಿ. ನಾಚಿಕೆ ಸ್ವಭಾವ. ನಾಟಕ, ಕ್ವಿಜ್, ಫೋಟೋಗ್ರಫಿ, ಚರ್ಚಾಕೂಟ, ಪರಿಸರ ಹೀಗೆ ಐದು ಸಂಘಗಳಿಗೆ ಹೆಸರು ಕೊಟ್ಟೆ. ಎಲ್ಲದಕ್ಕೂ ಒಂದೊಂದು ಸಲ ಹೋದೆ. ಯಾರೂ ಮಾತಾಡಿಸಲಿಲ್ಲ. ಈಗ ಎಲ್ಲರದ್ದೂ ಗುಂಪು ಆಗೋಗಿದೆ. ನಾನು ತಡ ಮಾಡಿಬಿಟ್ಟೆನಾ? ಪರ್ಸನಾಲಿಟಿ ಡೆವಲಪ್‌ಮೆಂಟ್ ಕೋರ್ಸ್ ಸೇರಬೇಕಾ?

"ಒಂದೊಂದು ಸಲ ಹೋದೆ." ನಿಮ್ಮ ಪತ್ರದಲ್ಲಿ ನಾನು ಅಡಿಗೆರೆ ಎಳೆದದ್ದು ಈ ಸಾಲಿಗೆ ಮಾತ್ರ. ಐದು ಕಡೆ ಒಂದೊಂದು ಸಲ ಹೋದವರು ಐದು ಕಡೆಯೂ ಹೊಸಬರೇ. ಅದೇ ಐದು ಸಲ ಒಂದೇ ಕಡೆ ಹೋಗಿದ್ದರೆ ಈ ಪತ್ರ ಬರುತ್ತಲೇ ಇರಲಿಲ್ಲವೇನೋ.

ಇದು ನನ್ನ ಅಂದಾಜು ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮೋರ್‌ಲ್ಯಾಂಡ್ ಮತ್ತು ಬೀಚ್ ಎಂಬ ಇಬ್ಬರು ಸಂಶೋಧಕರು ಒಂದು ಪ್ರಯೋಗ ಮಾಡಿದರು. 1992ರಲ್ಲಿ ಅದು ಪ್ರಕಟವಾಯಿತು. ನೋಡಲು ಹೆಚ್ಚುಕಮ್ಮಿ ಒಂದೇ ಥರ ಇದ್ದ ನಾಲ್ವರು ಹುಡುಗಿಯರನ್ನು ಆರಿಸಿಕೊಂಡರು. ಅಲ್ಲಿನ ಒಂದು ತರಗತಿಗೆ ಒಬ್ಬಳು ಹೋಗಲೇ ಇಲ್ಲ. ಉಳಿದ ಮೂವರು 5, 10, 15 ಸಲ ಹೋಗಿ ಕೂತು ಬಂದರು. ಯಾರ ಜೊತೆಯೂ ಮಾತಿಲ್ಲ, ಕತೆಯಿಲ್ಲ. ಕೊನೆಗೆ ತರಗತಿಯವರಿಗೆ ನಾಲ್ವರ ಫೋಟೋ ತೋರಿಸಿದಾಗ, ಜಾಸ್ತಿ ಸಲ ಬಂದವಳೇ ಜಾಸ್ತಿ ಇಷ್ಟವಾಗಿದ್ದಳು. ಬಾಯಿ ಬಿಡದೆ! ನಾಚಿಕೆ ಸ್ವಭಾವದವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇನ್ನೇನು ಬೇಕು?

ಈಗ ಐದರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು? "ನಿನಗೆ ಯಾವುದು ಇಷ್ಟವೋ ಅದು" ಅಂತ ಎಲ್ಲರೂ ಹೇಳುತ್ತಾರೆ. ನಾನು ಹೇಳುವುದಿಲ್ಲ. ಹದಿನೆಂಟರ ವಯಸ್ಸಿನಲ್ಲಿ ಏನು ಇಷ್ಟ ಅಂತ ಯಾರಿಗೆ ಗೊತ್ತಿರುತ್ತದೆ? ನೀವು ಆ ಸಂಘಗಳ ದಿನಚರಿ ನೋಡಿ. ಕ್ವಿಜ್‌ನವರು ಸ್ಪರ್ಧೆ ಹತ್ತಿರ ಬಂದಾಗ ಸೇರುತ್ತಾರೆ, ಮುಗಿದ ಮೇಲೆ ಕಾಣುವುದಿಲ್ಲ. ಫೋಟೋಗ್ರಫಿಯವರು ಕ್ಯಾಮೆರಾ ಹಿಡಿದು ದಿಕ್ಕಿಗೊಬ್ಬರಂತೆ ಹೋಗುತ್ತಾರೆ. ನಾಟಕದವರು ಮಾತ್ರ ವಾರವಾರ ಅದೇ ಕೋಣೆ, ಅದೇ ಹೊತ್ತು. ಪ್ರದರ್ಶನ ಹತ್ತಿರ ಬಂದರೆ ದಿನಾ. ನಿಮಗೆ ನಟನೆ ಬರುತ್ತದೋ ಇಲ್ಲವೋ ಅದು ಆಮೇಲಿನ ಮಾತು. ಅದೇ ಮುಖಗಳು ಮತ್ತೆ ಮತ್ತೆ ಸಿಗುವ ಜಾಗ ಯಾವುದು, ಅದನ್ನು ಹಿಡಿಯಿರಿ. ಮಿಕ್ಕ ನಾಲ್ಕು ಬಿಟ್ಟುಬಿಡಿ. ಬೇಜಾರಾದರೂ ಬಿಡಿ. ನಾಟಕದವರ ರಿಹರ್ಸಲ್ ಪಟ್ಟಿಯನ್ನು ನಿಮ್ಮ ಪರೀಕ್ಷೆಯ ವೇಳಾಪಟ್ಟಿಯ ಪಕ್ಕ ಇಟ್ಟು ನೋಡುವುದನ್ನು ಮಾತ್ರ ಮರೆಯಬೇಡಿ. ಪ್ರದರ್ಶನಕ್ಕೆ ಮುಂಚಿನ ತಿಂಗಳನ್ನು ಅವರು ಪೂರ್ತಿ ನುಂಗಿಬಿಡುತ್ತಾರೆ.

ಅಲ್ಲಿ ಹೋಗಿ ಏನು ಮಾಡಬೇಕು? ಹೆಚ್ಚಿನವರು ಎಡವುವುದು ಇಲ್ಲೇ. ಹಿಂದಿನ ಸಾಲಿನಲ್ಲಿ ಕೂತು, ಯಾರಾದರೂ ಕರೆಯಲಿ ಅಂತ ಕಾಯುತ್ತಾರೆ. ಯಾರೂ ಕರೆಯುವುದಿಲ್ಲ. ಅಹಂಕಾರದಿಂದಲ್ಲ, ಅವರವರ ತಲೆಬಿಸಿ ಅವರವರಿಗೆ. ಆದ್ದರಿಂದ ಒಂದು ಕೆಲಸ ಕೇಳಿ ಪಡೆದುಕೊಳ್ಳಿ. ಸಣ್ಣದೇ ಆಗಲಿ, ಆದರೆ ನೀವು ಬರದಿದ್ದರೆ ನಿಂತುಹೋಗುವಂಥದ್ದಾಗಿರಲಿ. ರಿಹರ್ಸಲ್ ಕೋಣೆಯ ಬೀಗದ ಕೈ ಇಟ್ಟುಕೊಳ್ಳುವುದು, ಯಾರು ಬಂದರು ಯಾರು ಬರಲಿಲ್ಲ ಅಂತ ಬರೆದುಕೊಳ್ಳುವುದು, ಸ್ಕ್ರಿಪ್ಟ್ ಹಿಡಿದು ಮರೆತ ಮಾತನ್ನು ಪಕ್ಕದಿಂದ ಹೇಳಿಕೊಡುವುದು, ಮೈಕಿನ ವೈರ್ ಸುತ್ತಿಡುವುದು. "ಏನಾದರೂ ಸಹಾಯ ಬೇಕಾ?" ಅಂತ ಮಾತ್ರ ಕೇಳಬೇಡಿ. ಅದಕ್ಕೆ "ಬೇಕಾದರೆ ಹೇಳ್ತೀವಿ" ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ಸಂಚಾಲಕರ ಹತ್ತಿರ ನೇರವಾಗಿ ಹೋಗಿ, "ನನಗೆ ನಟನೆ ಅಷ್ಟಾಗಿ ಬರಲ್ಲ, ಬುಧವಾರ ಬೇಗ ಬಂದು ಕೋಣೆ ತೆಗೆದು ಕುರ್ಚಿ ಹಾಕ್ತೀನಿ, ಬೀಗದ ಕೈ ನನ್ನ ಹತ್ರ ಇರಲಿ" ಅನ್ನಿ. ಬೇಡ ಅಂದವರನ್ನು ನಾನು ಇನ್ನೂ ನೋಡಿಲ್ಲ. ಕುರ್ಚಿ ಹಾಕಲು ಯಾವ ಸಂಘದಲ್ಲೂ ಜನ ಇರುವುದಿಲ್ಲ.

ಬೀಗದ ಕೈ ನಿಮ್ಮ ಹತ್ತಿರ ಬಂತು ಅಂದರೆ ಎರಡನೇ ವಾರಕ್ಕೆ ಎಲ್ಲರಿಗೂ ನಿಮ್ಮ ಹೆಸರು ಗೊತ್ತಿರುತ್ತದೆ. ಗೊತ್ತಿಲ್ಲದೆ ವಿಧಿಯಿಲ್ಲ, ಬಾಗಿಲು ತೆಗೆಯಬೇಕಲ್ಲ. ಮಾತು ಹೇಗೆ ಶುರು ಮಾಡುವುದು ಅನ್ನುವ ನಿಮ್ಮ ಚಿಂತೆಯನ್ನು ಅವರೇ ಬಗೆಹರಿಸುತ್ತಾರೆ.

ಆದರೆ ಕೆಲಸ ಬಾಗಿಲವರೆಗೆ ಮಾತ್ರ ಕರೆದುಕೊಂಡು ಹೋಗುತ್ತದೆ. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಲೆಕ್ಕ ಇದೆ. ಆಗಷ್ಟೇ ಊರು ಬದಲಿಸಿದ ದೊಡ್ಡವರನ್ನೂ ಕಾಲೇಜಿಗೆ ಹೊಸದಾಗಿ ಸೇರಿದವರನ್ನೂ ಅವರು ವಿಚಾರಿಸಿದ್ದರು. ಪರಿಚಯ ಹೋಗಿ ಸಾಧಾರಣ ಸ್ನೇಹ ಆಗಲು ಸುಮಾರು 50 ಗಂಟೆ ಜೊತೆಯಲ್ಲಿರಬೇಕು, ಸ್ನೇಹ ಅನ್ನಿಸಿಕೊಳ್ಳಲು ಸುಮಾರು 90, ಆಪ್ತ ಸ್ನೇಹಕ್ಕೆ 200 ದಾಟಬೇಕು. ವಾರಕ್ಕೆ ಎರಡು ಗಂಟೆಯಂತೆ ಸಿಕ್ಕರೆ ಮೊದಲ 50ಕ್ಕೇ ಆರು ತಿಂಗಳು ಬೇಕು. ಎರಡು ತಿಂಗಳಿಗೆ "ತಡವಾಯಿತು" ಅಂತ ಅಳುವವರು ಈ ಲೆಕ್ಕ ಒಮ್ಮೆ ಹಾಕಿ ನೋಡಿ. ಇನ್ನೊಂದು ವಿಷಯವೂ ಅದರಲ್ಲಿದೆ. ತರಗತಿಯಲ್ಲೋ ಕೆಲಸದಲ್ಲೋ ಅಕ್ಕಪಕ್ಕ ಕಳೆದ ಗಂಟೆಗಳಿಗೆ ಅಷ್ಟು ತೂಕವಿಲ್ಲ. ಸುಮ್ನೆ ಹರಟೆ ಹೊಡೆದ ಗಂಟೆಗಳಿಗೆ ತೂಕ ಜಾಸ್ತಿ. ಅಂದರೆ ರಿಹರ್ಸಲ್ ಮುಗಿದ ತಕ್ಷಣ ಬ್ಯಾಗ್ ಎತ್ತಿಕೊಂಡು ಓಡಬೇಡಿ. ಕುರ್ಚಿ ಎತ್ತಿಡುವ ಹೊತ್ತು, ಗೇಟಿನವರೆಗೆ ನಡೆಯುವ ಹೊತ್ತು, ಅಲ್ಲಿ ನಿಂತು ಆ ದಿನ ಯಾರು ಯಾವ ಮಾತು ಮರೆತರು ಅಂತ ನಗುವ ಹೊತ್ತು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ನಾಚಿಕೆಯವರು ಸರಿಯಾಗಿ ಈ ಹತ್ತು ನಿಮಿಷವನ್ನೇ ತಪ್ಪಿಸಿಕೊಳ್ಳುತ್ತಾರೆ. ನಾನೂ ತಪ್ಪಿಸಿಕೊಳ್ಳುತ್ತಿದ್ದೆ. ಆ ಕಳ್ಳದಾರಿಗಳೆಲ್ಲ ನನಗೆ ಗೊತ್ತು.

ಮನೆಗೆ ಬಂದ ಮೇಲೆ "ನಾನು ಪೆದ್ದುಪೆದ್ದಾಗಿ ಮಾತಾಡಿದೆ" ಅನ್ನಿಸುತ್ತದೆ. ಅನ್ನಿಸಲಿ. ಇದರ ಮೇಲೂ 2018ರಲ್ಲೇ ಒಂದು ಅಧ್ಯಯನ ಬಂತು. ಹೊಸಬರಿಬ್ಬರು ಮಾತಾಡಿದ ಮೇಲೆ, ಎದುರಿನವರಿಗೆ ತಾನು ಎಷ್ಟು ಇಷ್ಟವಾದೆ ಅನ್ನುವುದನ್ನು ಜನ ಇರುವುದಕ್ಕಿಂತ ಕಡಿಮೆಯೇ ಅಂದಾಜು ಮಾಡುತ್ತಾರಂತೆ. ಹಾಸ್ಟೆಲಿನಲ್ಲಿ ಜೊತೆಗಿದ್ದ ಹೊಸ ವಿದ್ಯಾರ್ಥಿಗಳಲ್ಲಿ ಈ ತಪ್ಪು ಅಂದಾಜು ತಿಂಗಳುಗಟ್ಟಲೆ ಮುಂದುವರಿದಿತ್ತು. ಎದುರಿನವಳೂ ಅದೇ ರಾತ್ರಿ ತನ್ನ ಮಾತಿನ ಬಗ್ಗೆಯೇ ತಲೆ ಕೆಡಿಸಿಕೊಂಡಿರುತ್ತಾಳೆ.

ಇನ್ನು ಆಗಿಹೋದ ಆ ಗುಂಪುಗಳು. ಮೊದಲ ತಿಂಗಳ ಗುಂಪುಗಳನ್ನು ಕಟ್ಟುವುದು ಭಯ. ಒಬ್ಬರೇ ಊಟಕ್ಕೆ ಕೂರಬೇಕಲ್ಲ ಅಂತ ಪಕ್ಕದ ರೂಮಿನವರು, ಪಕ್ಕದ ರೋಲ್ ನಂಬರಿನವರು ಅಂಟಿಕೊಳ್ಳುತ್ತಾರೆ. ಎರಡನೇ ಸೆಮಿಸ್ಟರ್ ಹೊತ್ತಿಗೆ ಅದರಲ್ಲಿ ಅರ್ಧ ಜನ ನನ್ನ ಕೋಣೆಗೆ ಬಂದು "ನನ್ನ ಗ್ಯಾಂಗ್ ಜೊತೆ ಸೆಟ್ ಆಗ್ತಿಲ್ಲ ಮೇಡಂ" ಅನ್ನುತ್ತಾರೆ. ನೀವು ಹೊರಗಿನಿಂದ ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಿರುವುದು ಅವರನ್ನೇ.

ಕೆಲಸ ಹಿಡಿದು ಆರು ವಾರ ತಪ್ಪದೆ ಹೋದ ಮೇಲೂ ಒಬ್ಬರೂ ಹೆಸರು ಹಿಡಿದು ಕರೆಯದಿದ್ದರೆ ಆ ಸಂಘ ಬಿಡಿ. ತೊಂದರೆ ಅಲ್ಲಿನವರದ್ದು.

ಪರ್ಸನಾಲಿಟಿ ಡೆವಲಪ್‌ಮೆಂಟ್ ಕೋರ್ಸ್ ಸೇರಬೇಕಾ ಅಂತ ಕೇಳಿದ್ದಿರಿ. ಬೇಡ. "ಮಾತಿನ ಪರಿಣಾಮದಲ್ಲಿ ಶೇಕಡಾ 93 ಹಾವಭಾವ, ದನಿ, ಶೇಕಡಾ 7 ಮಾತ್ರ ಪದ" ಅಂತ ಮೊದಲ ದಿನವೇ ಸ್ಲೈಡ್ ಹಾಕುತ್ತಾರೆ ನೋಡಿ, ಅಲ್ಲೇ ಎದ್ದು ಬನ್ನಿ. ಆ ಅಂಕಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಅವರ 1967ರ ಎರಡು ಪ್ರಯೋಗಗಳಿಂದ ಎತ್ತಿಕೊಂಡದ್ದು. ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೋ ತೋರಿಸಿ, ಹೇಳಿದವರಿಗೆ ಎದುರಿನವರು ಇಷ್ಟವೋ ಅನಿಷ್ಟವೋ ಅಂತ ಊಹಿಸಲು ಕೇಳಿದ್ದ ಪ್ರಯೋಗಗಳು ಅವು. ಎಲ್ಲ ಮಾತಿಗೂ ಇದು ಅನ್ವಯಿಸುವುದಿಲ್ಲ ಅಂತ ಅವರೇ ಹೇಳಿದ್ದಾರೆ. ನಿಜವಾಗಿ ಪದಕ್ಕೆ ಶೇಕಡಾ 7 ಬೆಲೆಯಾಗಿದ್ದರೆ ಗೊತ್ತಿಲ್ಲದ ಭಾಷೆಯ ಭಾಷಣವೂ ನಮಗೆ ಮುಕ್ಕಾಲುಪಾಲು ಅರ್ಥವಾಗಬೇಕಿತ್ತು, ಅಲ್ವಾ? ಕೈ ಹೀಗಿಡಿ, ಕಣ್ಣು ಹಾಗಿಡಿ ಅಂತ ಕಲಿತು ಬಂದವರನ್ನು ನಾನು ದೂರದಿಂದಲೇ ಗುರುತು ಹಿಡಿಯುತ್ತೇನೆ. ಪಾಪ, ಮೊದಲಿಗಿಂತ ಬಿಗಿಯಾಗಿರುತ್ತಾರೆ. ಒಂದು ಮಾತು ಮಾತ್ರ ಬೇರೆ. ನಾಲ್ಕು ಜನರ ಮುಂದೆ ನಿಂತರೆ ಎದೆ ಡವಗುಟ್ಟಿ, ಕೈ ನಡುಗಿ, ಕ್ಲಾಸನ್ನೇ ತಪ್ಪಿಸುವಷ್ಟು ಭಯ ಇದ್ದರೆ ಅದು ನಾಚಿಕೆಗಿಂತ ಮುಂದಿನದು. ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ನೋಡಿ. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಇನ್ನು ಬೇರೆಯವರ ಪತ್ರಗಳಿಗೆ ಚುಟುಕಾಗಿ ಉತ್ತರ.

ಕೆಲಸ ಸಿಗಲು ಎಷ್ಟು ಸರ್ಟಿಫಿಕೇಟ್ ಬೇಕು? ನನ್ನ ಹತ್ತಿರ ಹನ್ನೊಂದು ಇವೆ.

"ಇದರಲ್ಲಿ ನೀವೇನು ಮಾಡಿದಿರಿ?" ಅಂತ ಸಂದರ್ಶನದಲ್ಲಿ ಕೇಳಿದರೆ ಎರಡು ನಿಮಿಷ ಮಾತಾಡಬಲ್ಲ ಸರ್ಟಿಫಿಕೇಟ್ ಎಷ್ಟಿವೆ ಎಣಿಸಿ. ಮಿಕ್ಕವು ರದ್ದಿಗೆ.

ಸಂಘ ಸೇರಿದರೆ ಮಾರ್ಕ್ಸ್ ಕಡಿಮೆಯಾಗುತ್ತದೆ ಅಂತ ಅಪ್ಪ ಬಿಡುತ್ತಿಲ್ಲ.

ಒಂದು ಸಂಘದಿಂದ ಆಗುವುದಿಲ್ಲ, ಐದರಿಂದ ಆಗುತ್ತದೆ. ಅಪ್ಪನಿಗೆ ಈ ಅಂಕಣ ತೋರಿಸಿ, ನನ್ನನ್ನು ಬೈಯಲಿ.

ಆನ್‌ಲೈನ್ ಟೆಸ್ಟ್‌ನಲ್ಲಿ ನಾನು ಅಂತರ್ಮುಖಿ ಅಂತ ಬಂತು. ನನಗೆ ಇದೆಲ್ಲ ಒಗ್ಗುತ್ತದಾ?

ನಿದ್ದೆಗೆಟ್ಟ ದಿನ ಮತ್ತೆ ಆ ಟೆಸ್ಟ್ ಮಾಡಿ, ಬೇರೆ ಉತ್ತರ ಬಂದರೂ ಬರಬಹುದು.

ಕ್ಯಾಂಟೀನಿನಲ್ಲಿ ಒಬ್ಬನೇ ಕೂತರೆ ಎಲ್ಲರೂ ನನ್ನನ್ನೇ ನೋಡುತ್ತಾರೆ.

ನೋಡುತ್ತಿಲ್ಲ. ಮುಜುಗರ ತರುವಂಥ ಟೀ ಶರ್ಟ್ ಹಾಕಿಸಿ ವಿದ್ಯಾರ್ಥಿಗಳನ್ನು ಒಂದು ಕೋಣೆಗೆ ಕಳಿಸಿದ ಪ್ರಯೋಗವೊಂದು 2000ದಲ್ಲಿ ಪ್ರಕಟವಾಗಿತ್ತು. ಅರ್ಧದಷ್ಟು ಜನ ಅದನ್ನು ಗಮನಿಸಿರುತ್ತಾರೆ ಅಂತ ಹಾಕಿಕೊಂಡವರು ಅಂದುಕೊಂಡರು. ಗಮನಿಸಿದ್ದು ಕಾಲುಭಾಗ. ಊಟ ಮಾಡಿ.

ತಂಡಕ್ಕೆ ಸೇರಿಸಿಕೊಳ್ಳಲು ಸೀನಿಯರ್‌ಗಳು "ಟಾಸ್ಕ್" ಕೊಡುತ್ತಾರೆ. ಕುಡಿಯಲು ಹೇಳುತ್ತಾರೆ. ತಮಾಷೆಗಂತೆ.

ತಮಾಷೆಯಲ್ಲ. ಇವತ್ತೇ ಮನೆಯವರಿಗೆ ಹೇಳಿ, ಕಾಲೇಜಿಗೆ ಬರವಣಿಗೆಯಲ್ಲಿ ದೂರು ಕೊಡಿ. ಬಂದ ಮೆಸೇಜ್‌ಗಳನ್ನು ಅಳಿಸಬೇಡಿ.

ಸಂಘದವರು ನನ್ನನ್ನು ಖಜಾಂಚಿ ಮಾಡುತ್ತಾರಂತೆ. ಒಪ್ಪಿಕೊಳ್ಳಲಾ?

ಮೊದಲ ವರ್ಷದಲ್ಲಿ ಬೇಡ. ಇಲ್ಲಿ ನಾನು ಅತಿಯಾಗಿ ಹೆದರಿಸುತ್ತೇನೆ ಅಂತ ಸಹೋದ್ಯೋಗಿಗಳು ನಗುತ್ತಾರೆ. ನಗಲಿ. ವಿದ್ಯಾರ್ಥಿಯಾಗಿದ್ದಾಗ ನಾನೂ ಒಂದು ಸಂಘದ ಖಜಾಂಚಿ. ಉತ್ಸವದ ದಿನ ಯಾರ್ಯಾರೋ "ಆಮೇಲೆ ಬಿಲ್ ಕೊಡ್ತೀನಿ" ಅಂತ ದುಡ್ಡು ಒಯ್ದರು. ಬಿಲ್ ಇವತ್ತಿಗೂ ಬಂದಿಲ್ಲ. ಕಡಿಮೆ ಬಿದ್ದದ್ದನ್ನು ನಾನೇ ತುಂಬಿದೆ, ಮನೆಯಲ್ಲಿ ಸುಳ್ಳು ಹೇಳಿ. ಮುಂದೆ ಯಾವತ್ತಾದರೂ ಒಪ್ಪಿಕೊಂಡರೆ, ದುಡ್ಡು ತೆಗೆಯಲು ಇಬ್ಬರ ಸಹಿ ಇರಲಿ, ಸಂಘದ ಹಣ ನಿಮ್ಮ ಸ್ವಂತ ಖಾತೆಗೆ ಬರದಿರಲಿ. ಬಿಲ್ ಕೈಗೆ ಬಾರದೆ ಯಾರಿಗೂ ಬಿಡಿಗಾಸು ಕೊಡಬೇಡಿ, ಆತ ನಿಮ್ಮ ಪ್ರಾಣ ಸ್ನೇಹಿತನೇ ಆಗಿರಲಿ. ನನ್ನ ಹತ್ತಿರ ದುಡ್ಡು ಒಯ್ದವರಲ್ಲಿ ಒಬ್ಬ ಅಂಥವನೇ.