ಮಗನಿಗೆ ಓದಲು ಬರುತ್ತಿಲ್ಲ, ಶಾಲೆ ಬದಲಿಸಲೇ?

ಪ್ರಶ್ನೆ: ಮುಂಬೈಯ ಭಾಂಡುಪ್‌ನಲ್ಲಿದ್ದೇನೆ, ಹೋಟೆಲಿನ ಗಲ್ಲೆಯಲ್ಲಿ ಕೆಲಸ. ಮಗ ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ 4ನೇ ಕ್ಲಾಸು. ಮನೆಯಲ್ಲಿ ತುಳು, ಚಾಳಿನಲ್ಲಿ ಹಿಂದಿ, ಮರಾಠಿ. ಪಾಠ ಬಾಯಿಪಾಠ ಹೇಳುತ್ತಾನೆ. ಆದರೆ ಕನ್ನಡ ಪೇಪರ್ ಕೈಗೆ ಕೊಟ್ಟರೆ ಓದಲು ಆಗುವುದಿಲ್ಲ. ಪ್ರೈವೇಟ್ ಇಂಗ್ಲಿಷ್ ಶಾಲೆಗೆ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಸಾಲ ಮಾಡಿಯಾದರೂ ಹಾಕಲೇ?

ಉತ್ತರ: ಸದ್ಯಕ್ಕೆ ಸಾಲ ಮಾಡಬೇಡಿ. ಮಗನ ಓದು ಎಲ್ಲಿ ನಿಂತಿದೆ ಅಂತ ಮೊದಲು ನೋಡೋಣ.

ನಿಮ್ಮ ರಜೆಯ ದಿನ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆಯಿರಿ. ಮೊದಲ ಸಾಲಿನಲ್ಲಿ ಬಿಡಿ ಅಕ್ಷರ, ಆದರೆ ವರ್ಣಮಾಲೆಯ ಕ್ರಮದಲ್ಲಿ ಬೇಡ. ಎರಡನೆಯದರಲ್ಲಿ ಗುಣಿತವಿಲ್ಲದ ಪದ: ಕಮಲ, ಬಸವ, ಗರಗಸ. ಮೂರನೆಯದರಲ್ಲಿ ಕಾಗೆ, ಬೇಲಿ, ಗೂಡು. ನಾಲ್ಕನೆಯದರಲ್ಲಿ ಒತ್ತಕ್ಷರ: ಅಜ್ಜ, ಹಣ್ಣು, ಪುಸ್ತಕ, ರಾತ್ರಿ. ಮಗನನ್ನು ಪಕ್ಕದಲ್ಲಿ ಕೂರಿಸಿ, ಬೆರಳಿಟ್ಟು ಓದಿಸಿ. ಬೈಯಬೇಡಿ, ತಿದ್ದಬೇಡಿ, ಸುಮ್ನೆ ನೋಡಿ. ಐದು ನಿಮಿಷ ಸಾಕು. ಎಲ್ಲಿ ತಡವರಿಸುತ್ತಾನೋ ಅಲ್ಲಿಂದ ಕಲಿಸಬೇಕು.

ಬೆರಳು ಯಾಕೆ ಅಂದರೆ, ಶಾಲೆಗಳಿಗೆ ಹೋದಾಗ ನಾನು ಮೊದಲು ನೋಡುವುದು ಅದನ್ನೇ. ಒಮ್ಮೆ ಒಬ್ಬ ಹುಡುಗಿ ಇಡೀ ಪಾಠವನ್ನು ಗಟ್ಟಿಯಾಗಿ, ಒಂದೂ ತಪ್ಪಿಲ್ಲದೆ ಒಪ್ಪಿಸಿದಳು. ಬಾಯಿ ಪಾಠದ ಕೊನೆಗೆ ಬಂದಿತ್ತು, ಬೆರಳು ಇನ್ನೂ ಮೂರನೇ ಸಾಲಿನಲ್ಲಿತ್ತು. ನಾಲ್ಕು ವರ್ಷ ಅವಳು ಕೇಳಿ ಕೇಳಿ ಕಲಿತಿದ್ದಳು, ಅಕ್ಷರ ನೋಡಿ ಅಲ್ಲ. ನಿಮ್ಮ ಮಗನದೂ ಇದೇ ಕಥೆ ಇರಬಹುದು. ಅವನು ದಡ್ಡನಲ್ಲ. ಅಷ್ಟು ಬಾಯಿಪಾಠ ಮಾಡುವ ಹುಡುಗ ದಡ್ಡ ಆಗೋಕೆ ಸಾಧ್ಯ ಇಲ್ಲ.

ಇದಕ್ಕೆ ಏನು ಮಾಡಬೇಕು ಅನ್ನುವುದನ್ನು ನಮ್ಮ ಮುಂಬೈಯ ಮುನ್ಸಿಪಾಲಿಟಿ ಶಾಲೆಗಳಲ್ಲೇ ಪರೀಕ್ಷೆ ಮಾಡಿ ನೋಡಿದ್ದಾರೆ. 2001ರಿಂದ 2003ರವರೆಗೆ ಇಲ್ಲಿ ಮತ್ತು ವಡೋದರಾದಲ್ಲಿ 'ಪ್ರಥಮ್' ಸಂಸ್ಥೆ ಬಾಲಸಖಿ ಅನ್ನುವ ಕೆಲಸ ನಡೆಸಿತು. 3 ಮತ್ತು 4ನೇ ಕ್ಲಾಸಿನಲ್ಲಿ ಹಿಂದೆ ಬಿದ್ದ ಮಕ್ಕಳನ್ನು ದಿನಕ್ಕೆ ಸುಮಾರು ಎರಡು ಗಂಟೆ ಬೇರೆ ಕೂರಿಸಿ ಓದು, ಲೆಕ್ಕ ಕಲಿಸಿದರು. ಕಲಿಸಿದವರು ಅದೇ ಬಸ್ತಿಯ ಯುವತಿಯರು, ಅವರನ್ನೇ ಬಾಲಸಖಿ ಅನ್ನುತ್ತಿದ್ದರು. ಅವರಿಗೆ ಸಿಕ್ಕಿದ್ದು ಎರಡು ವಾರದ ತರಬೇತಿ ಮಾತ್ರ. ಫಲ ಸಿಕ್ಕಿತಾ ಇಲ್ಲವಾ ಅಂತ ಅಳೆದವರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಇದ್ದರು. ಮುಂದೆ 2019ರಲ್ಲಿ ಇವರಿಬ್ಬರಿಗೂ ಮೈಕಲ್ ಕ್ರೆಮರ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಬಾಲಸಖಿಯ ಹತ್ತಿರ ಹೋದ ಮಕ್ಕಳ ಅಂಕ ಚೆನ್ನಾಗಿಯೇ ಏರಿತು. ಆ ಎರಡು ಗಂಟೆ ಕ್ಲಾಸಿನಲ್ಲೇ ಉಳಿದ ಮಕ್ಕಳಿಗೆ ಗುಂಪು ಚಿಕ್ಕದಾಯಿತು, ಆದರೂ ಅವರ ಅಂಕ ಏರಲಿಲ್ಲ. ಅಂದರೆ ಕ್ಲಾಸಿನಲ್ಲಿ ಮಕ್ಕಳು ಕಡಿಮೆಯಾದರೆ ಸಾಲದು. ಮಗು ಎಲ್ಲಿದೆಯೋ ಅಲ್ಲಿಂದ ಪಾಠ ಶುರುವಾಗಬೇಕು. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಕಾರ್ಯಕ್ರಮ ನಿಂತು ಒಂದು ವರ್ಷವಾಗುವಷ್ಟರಲ್ಲಿ ಆ ಲಾಭ ಸಾಕಷ್ಟು ಕರಗಿತು. ಹಾಗಾಗಿ ಎರಡು ತಿಂಗಳು ಓದಿಸಿ ಕೈಬಿಡಬೇಡಿ.

ಈಗ ಇಂಗ್ಲಿಷ್ ಶಾಲೆಯ ಮಾತು. ಕೆನ್ಯಾದ ಹಳ್ಳಿ ಶಾಲೆಗಳಿಗೆ ಹೊಸ ಪಠ್ಯಪುಸ್ತಕ ಕೊಟ್ಟು ನೋಡಿದ್ದರು. ಮೊದಲೇ ಮುಂದಿದ್ದ ಮಕ್ಕಳಿಗೆ ಮಾತ್ರ ಉಪಯೋಗವಾಯಿತು. ಪುಸ್ತಕ ಇಂಗ್ಲಿಷಿನಲ್ಲಿತ್ತು, ಎಷ್ಟೋ ಮಕ್ಕಳಿಗೆ ಅದು ಮೂರನೇ ಭಾಷೆ. ನಿಮ್ಮ ಮಗನಿಗೆ ಇಂಗ್ಲಿಷ್ ಎಷ್ಟನೆಯದು, ಎಣಿಸಿ ನೋಡಿ. ಕನ್ನಡದಲ್ಲೇ ಓದು ಕೂತಿಲ್ಲದ ಹುಡುಗನನ್ನು ಅಲ್ಲಿ ಕೂರಿಸಿದರೆ ಅಲ್ಲೂ ಬಾಯಿಪಾಠವೇ ಆದೀತು, ಫೀಸು ಬೇರೆ.

ನಮ್ಮ ಆಂಧ್ರಪ್ರದೇಶದಲ್ಲಿ ಚೀಟಿ ಎತ್ತಿ ಸರ್ಕಾರಿ ಶಾಲೆಯ ಕೆಲವು ಮಕ್ಕಳನ್ನು ಪ್ರೈವೇಟ್ ಶಾಲೆಗೆ ಕಳಿಸಿದ್ದರು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅವರ ಅಧ್ಯಯನ ಅದು. ನಾಲ್ಕು ವರ್ಷದ ನಂತರ ತೆಲುಗು ಮತ್ತು ಗಣಿತದಲ್ಲಿ ಈ ಮಕ್ಕಳಿಗೂ ಸರ್ಕಾರಿ ಶಾಲೆಯಲ್ಲೇ ಉಳಿದವರಿಗೂ ವ್ಯತ್ಯಾಸ ಕಾಣಲಿಲ್ಲ. ಹಿಂದಿಯಲ್ಲಿ ಮುಂದಿದ್ದರು, ಯಾಕಂದರೆ ಸರ್ಕಾರಿ ಶಾಲೆಯಲ್ಲಿ ಅದಕ್ಕೆ ಸಮಯ ಇರಲಿಲ್ಲ. ಅದೇ ಫಲವನ್ನು ಪ್ರೈವೇಟ್ ಶಾಲೆಗಳು ಕಡಿಮೆ ಖರ್ಚಿನಲ್ಲಿ ತೆಗೆದವು ಅನ್ನುವುದೂ ನಿಜ. ಆದರೆ ಆ ಉಳಿತಾಯ ನಿಮ್ಮ ಜೇಬಿಗೆ ಬರುವುದಿಲ್ಲ ಅಲ್ವಾ?

ಇಂಗ್ಲಿಷ್ ಬೇಕೇ ಬೇಕು, ಆ ಆಸೆ ತಪ್ಪಲ್ಲ. ನಿಮ್ಮ ಹತ್ತಿರ ಕನ್ನಡ ಹೈಸ್ಕೂಲು ಇದೆಯಾ ಅಂತ ಈಗಲೇ ವಿಚಾರಿಸಿ. ಇಲ್ಲದಿದ್ದರೆ ಮುಂದೆ ಮಾಧ್ಯಮ ಬದಲಿಸಲೇಬೇಕಾಗುತ್ತದೆ. ಹಾಗೆ ಬದಲಿಸುವಾಗ ಕೈಯಲ್ಲಿ ಓದು ಇರಲಿ. ಚಾಳಿನಲ್ಲಿ ಪಿಯುಸಿ ಓದುವ ಹುಡುಗಿ ಯಾರಾದರೂ ಇದ್ದರೆ ದಿನಕ್ಕೆ ಒಂದು ಗಂಟೆ ಕೂರಿಸಿಕೊಳ್ಳಲು ಕೇಳಿ. ಸಾಲದ ದುಡ್ಡಿನಲ್ಲಿ ಚಿಕ್ಕ ಪಾಲು ಅವಳಿಗೆ ಕೊಟ್ಟರೂ ಸಾಕು.

ಪ್ರಶ್ನೆ: ಮೇಷ್ಟ್ರ ಸಂಬಳ ಜಾಸ್ತಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂತಾರೆ. ನಿಜವೇ? (ಪುಣೆ)

ಉತ್ತರ: ಬರೀ ಅದರಿಂದ ಆಗುವುದಿಲ್ಲ. ಇಂಡೋನೇಷ್ಯಾದಲ್ಲಿ ಅರ್ಹತಾ ಪತ್ರ ಪಡೆದ ಶಿಕ್ಷಕರ ಸಂಬಳ ಸುಮಾರು ಎರಡು ಪಟ್ಟಾಯಿತು. ಶಿಕ್ಷಕರಿಗೆ ನೆಮ್ಮದಿ ಬಂತು, ಮಕ್ಕಳ ಕಲಿಕೆ ಮಾತ್ರ ಅಲ್ಲೇ ಇತ್ತು. ಹಾಗಂತ ಗೌರವಧನದ ಮೇಲೆ ಶಿಕ್ಷಕರನ್ನು ದುಡಿಸುವುದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ: ಗೋವಾದ ವಾಸ್ಕೋದಲ್ಲಿ ಮನೆಗೆಲಸ ಮಾಡುತ್ತೇನೆ, ಊರು ಗದಗ. ಮಗಳ ಶಾಲೆಯ ಕಮಿಟಿಗೆ ನನ್ನನ್ನು ಸೇರಿಸಿದ್ದಾರೆ. ಸಹಿ ಹಾಕಿಸಿಕೊಂಡು ಕಳಿಸುತ್ತಾರೆ. ನಾನೇನು ಮಾಡಬಹುದು?

ಉತ್ತರ: ಅಕ್ಕ, 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆ ಕಮಿಟಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು. ಬಂದ ಹಣ ಎಲ್ಲಿ ಖರ್ಚಾಯಿತು ಅಂತ ನೋಡುವುದೂ ನಿಮ್ಮ ಕೆಲಸ. ಓದಿ ಹೇಳದ ಕಾಗದಕ್ಕೆ ಸಹಿ ಹಾಕಬೇಡಿ.

ಉತ್ತರ ಪ್ರದೇಶದ ಜೌನ್‌ಪುರದಲ್ಲೂ ಇಂಥ ಕಮಿಟಿಗಳಿದ್ದವು. ಊರಿನ ಹೆಚ್ಚಿನವರಿಗೆ ಅವು ಇರುವುದೇ ಗೊತ್ತಿರಲಿಲ್ಲ, ಕೆಲವು ಸದಸ್ಯರಿಗೇ ತಾವು ಸದಸ್ಯರು ಅಂತ ತಿಳಿದಿರಲಿಲ್ಲ. ಸಭೆ ಕರೆದು ಹಕ್ಕುಗಳನ್ನು ತಿಳಿಸಿದರು. ಶಾಲೆಯಲ್ಲಿ ಏನೂ ಬದಲಾಗಲಿಲ್ಲ. ಊರಿನ ಹುಡುಗ ಹುಡುಗಿಯರು ಶಾಲೆಯ ಹೊರಗೆ ಓದಿನ ತರಗತಿ ನಡೆಸಿದ ಕಡೆ ಮಾತ್ರ, ಅಲ್ಲಿಗೆ ಬಂದ ಮಕ್ಕಳ ಓದು ಸುಧಾರಿಸಿತು.

ಮುಂದಿನ ಸಭೆಯಲ್ಲಿ ನೀವು ಒಂದೇ ಪ್ರಶ್ನೆ ಕೇಳಿ: "ಮೂರನೇ ಕ್ಲಾಸಿನಲ್ಲಿ ಎಷ್ಟು ಮಕ್ಕಳು ಎರಡನೇ ಕ್ಲಾಸಿನ ಪಾಠ ಓದುತ್ತಾರೆ?" ಉತ್ತರ ಏನೇ ಬರಲಿ, ಸಭೆಯ ಪುಸ್ತಕದಲ್ಲಿ ಬರೆಸಿ. ಆಮೇಲೆ ಸಹಿ ಹಾಕಿ.