ನಕ್ಷತ್ರ ಆಮೆಯನ್ನು ಯಾವ ಕಾಡಿಗೆ ಬಿಡುವುದು?

ಪ್ರಶ್ನೆ: ಹತ್ತು ವರ್ಷಗಳ ಹಿಂದೆ ನಮ್ಮ ಭಾವ ಬೆಂಗಳೂರಿನಿಂದ ಬರುವಾಗ ಒಂದು ನಕ್ಷತ್ರ ಆಮೆಯನ್ನು ತಂದಿದ್ದರು. ಮನೆಗೆ ಶುಭವಾಗುತ್ತದೆಂಬ ನಂಬಿಕೆ. ಈಗ ಅವರಿಗೆ ನೋಡಿಕೊಳ್ಳಲು ಆಗುತ್ತಿಲ್ಲ. ಕುದುರೆಮುಖದ ಕಡೆ ಕಾಡಿಗೆ ಬಿಟ್ಟುಬರುವುದೆಂದು ಹೊರಟಿದ್ದಾರೆ. ವಶಪಡಿಸಿಕೊಂಡ ಆಮೆಗಳ ಡಿಎನ್‌ಎ ನೋಡಿ ಅವುಗಳ ಊರನ್ನು ಪತ್ತೆ ಮಾಡುತ್ತಾರೆಂದು ಎಲ್ಲೋ ಓದಿದ ನೆನಪು. ಆಮೆಗೂ ಊರು ನೋಡಬೇಕೇ?
– ನಿವೃತ್ತ ಶಿಕ್ಷಕರು, ಕಟಪಾಡಿ

ಉತ್ತರ: ನೋಡಲೇಬೇಕು. ದಯವಿಟ್ಟು ಕುದುರೆಮುಖಕ್ಕೆ ಒಯ್ಯಬೇಡಿ.

ಮೊದಲನೆಯದಾಗಿ, ನಕ್ಷತ್ರ ಆಮೆ ನಮ್ಮ ಕರಾವಳಿಯದ್ದೂ ಅಲ್ಲ, ಘಟ್ಟದ ದಟ್ಟಡವಿಯದ್ದೂ ಅಲ್ಲ. ಅದು ಕೋಲಾರ, ಚಿಕ್ಕಬಳ್ಳಾಪುರದ ಕಡೆಯಂಥ ಒಣನೆಲದ ಕುರುಚಲಿನಲ್ಲಿ, ಹುಲ್ಲುಗಾವಲಿನಲ್ಲಿ, ಹೊಲದ ಬದುಗಳಲ್ಲಿ ಬದುಕುವ ಪ್ರಾಣಿ. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ, ಆಟಿ ತಿಂಗಳ ಥಂಡಿಗೆ ಮೂಗಿನಿಂದ ನೊರೆಗುಳ್ಳೆ ಬಿಡುತ್ತ, ಕತ್ತು ಮುಂದೆ ಚಾಚಿ ಬಾಯಿ ತೆರೆದು ಉಸಿರೆಳೆಯುತ್ತಿದ್ದ ಸಾಕು ಆಮೆಯೊಂದನ್ನು ನಾನೇ ಕಂಡಿದ್ದೇನೆ. ಅಂಥ ಸೋಂಕನ್ನು ಹೊತ್ತು ಅದು ಕಾಡು ಸೇರಿದರೆ ತೊಂದರೆ ಅದೊಂದಕ್ಕೇ ನಿಲ್ಲುವುದಿಲ್ಲ. ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ, ಜಗತ್ತಿನ ಬೇರೆಲ್ಲೂ ಸಿಗದ ತಿರುವಾಂಕೂರು ಕಾಡಾಮೆಯೂ ಅಳಿವಿನ ಭೀತಿಯಲ್ಲಿದೆ. (ಇಂಡೊನೇಷ್ಯಾದ ಸುಲಾವೇಸಿ ದ್ವೀಪದ ಆಮೆಯೂ ಇದೂ ಒಂದೇ ಎಂದು ಬಹುಕಾಲ ಭಾವಿಸಲಾಗಿತ್ತು. ಎರಡೂ ಬೇರೆ ಪ್ರಭೇದಗಳೆಂಬುದನ್ನು 2001ರಲ್ಲಿ ತೋರಿಸಿಕೊಟ್ಟದ್ದು ಡಿಎನ್‌ಎ.)

ಇನ್ನು ಊರಿನ ವಿಚಾರ. ನಕ್ಷತ್ರ ಆಮೆಗಳು ಒಂದಕ್ಕೊಂದು ತಾಗದ ಮೂರು ಸೀಮೆಗಳಲ್ಲಿವೆ: ಗುಜರಾತ್, ರಾಜಸ್ಥಾನ ಮತ್ತು ಪಕ್ಕದ ಪಾಕಿಸ್ತಾನ ಒಂದು, ದಕ್ಷಿಣ ಭಾರತ ಇನ್ನೊಂದು, ಶ್ರೀಲಂಕಾ ಮತ್ತೊಂದು. ಚಿಪ್ಪಿನ ಮೇಲಿನ ಹಳದಿ ಗೆರೆಗಳನ್ನು ನೋಡಿ ಯಾವುದು ಎಲ್ಲಿಯದೆಂದು ಖಚಿತವಾಗಿ ಹೇಳಲಾಗದು; ಡಿಎನ್‌ಎಯಿಂದ ತಿಳಿಯಬಹುದು. ತುಳುನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ಅಳಿಯಸಂತಾನದ ಕುಟುಂಬಗಳಲ್ಲಿ ಬಳಿ, ಅಂದರೆ ಕುಲದ ಹೆಸರು, ಬರುವುದು ತಾಯಿಯಿಂದ. ಗಂಡಿಗೂ ತಾಯಿಯ ಬಳಿಯೇ ಇರುತ್ತದೆ, ಆದರೆ ಅವನ ಮಕ್ಕಳು ಅವರ ತಾಯಿಯ ಬಳಿಗೆ ಸೇರುತ್ತಾರೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಎಂಬ ಭಾಗದಲ್ಲಿರುವ ಡಿಎನ್‌ಎ ಸಾಗುವುದೂ ಹೀಗೆಯೇ. ಆದುದರಿಂದ ಅದನ್ನು ಓದಿದರೆ ಆಮೆಯ ತಾಯಿಬೇರು ಯಾವ ಸೀಮೆಯದೆಂದು ಗೊತ್ತಾಗುತ್ತದೆ. ತಂದೆಯ ಕಡೆಯ ಸುದ್ದಿಗೆ, ಅಂದರೆ ಅದು ಬೆರಕೆಯೇ ಎಂದು ತಿಳಿಯುವುದಕ್ಕೆ, ಕೋಶಕೇಂದ್ರದ ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ಮೈಕ್ರೋಸ್ಯಾಟಲೈಟ್ ಎಂಬ ಸಣ್ಣ ತುಣುಕುಗಳನ್ನೂ ಎಣಿಸಬೇಕಾಗುತ್ತದೆ. ಸಿಂಗಾಪುರದಲ್ಲಿ ಸಿಕ್ಕಿಬಿದ್ದು ಹೈದರಾಬಾದಿಗೆ ಮರಳಿದ ನಕ್ಷತ್ರ ಆಮೆಗಳ ಮೂಲವನ್ನು ಅಲ್ಲಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಹುಡುಕಿದ್ದು ಈ ಎರಡೂ ದಾರಿಗಳಿಂದ. ಆ ಅಧ್ಯಯನ 2006ರಲ್ಲಿ ಪ್ರಕಟವಾಯಿತು.

ಬೆರೆತರೆ ನಷ್ಟವೇನೆಂದು ಕೇಳಬಹುದು. ನಿಮ್ಮ ಪಕ್ಕದ ಮಟ್ಟುವಿನ ಬೆಳೆಗಾರರನ್ನು ಕೇಳಿನೋಡಿ: ಗುಳ್ಳದ ಬೀಜಕ್ಕೆಂದು ಕಾಯಿ ಆರಿಸುವಾಗ ಅವರೆಷ್ಟು ಜೋಪಾನ ಮಾಡುತ್ತಾರೆ! ಬೇರೆ ಬದನೆಯೊಡನೆ ಒಮ್ಮೆ ಬೆರೆತುಹೋದ ತಳಿಯನ್ನು ಹಿಂದಕ್ಕೆ ತರುವುದು ಬಹಳ ಕಷ್ಟ. ಥಾರ್ ಅಂಚಿನ ಬಿಸಿಲಿಗೆ ಸಾವಿರಾರು ತಲೆಮಾರುಗಳಿಂದ ಪಳಗಿದ ಆಮೆಗೂ, ಎರಡು ಮಳೆಗಾಲ ಕಾಣುವ ದಕ್ಷಿಣದ ಆಮೆಗೂ ಮೊಟ್ಟೆಯಿಡುವ ಕಾಲದಂಥ ಸಣ್ಣ ಸಂಗತಿಗಳಲ್ಲಿ ವ್ಯತ್ಯಾಸವಿರಬಹುದು, ಬೆರಕೆಯಲ್ಲಿ ಅದು ಕಲಸಿಹೋಗಬಹುದು.

ನಿಮ್ಮ ಭಾವನವರು ಮಾಡಬೇಕಾದ್ದು ಇಷ್ಟೇ: ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಿ ಆಮೆಯನ್ನು ಒಪ್ಪಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧ. 2019ರಲ್ಲಿ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧಕ್ಕೂ ಅದನ್ನು ಸೇರಿಸಲಾಗಿದೆ. ಒಂದು ಮಾತನ್ನು ಮುಚ್ಚಿಡಬಾರದು: ಮೂಲ ತಿಳಿಯದಿದ್ದರೆ ಆ ಆಮೆ ಉಳಿದ ಆಯುಷ್ಯವನ್ನು ಮೃಗಾಲಯದಲ್ಲೇ ಕಳೆಯಬೇಕಾದೀತು.

ಪ್ರಶ್ನೆ: ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಸಮೂಹದ ಎಸ್ಪನೋಲಾ ದ್ವೀಪದಲ್ಲಿ ಕೇವಲ 15 ಆಮೆಗಳಿಂದ ಇಡೀ ಸಂತತಿಯನ್ನು ಮರಳಿ ಬೆಳೆಸಿದರಂತೆ. ಇಷ್ಟು ಕಡಿಮೆ ಪ್ರಾಣಿಗಳ ಸಂತಾನ ಗಟ್ಟಿಯಾಗಿರುತ್ತದೆಯೇ? ಹತ್ತಿರದ ದ್ವೀಪದ ಆಮೆಗಳನ್ನು ಬೆರೆಸಬಾರದಿತ್ತೇ?
– ಪದವಿ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಎಸ್ಪನೋಲಾದಲ್ಲಿ ಉಳಿದಿದ್ದದ್ದು 12 ಹೆಣ್ಣು, 2 ಗಂಡು. ಅಮೆರಿಕದ ಸ್ಯಾನ್ ಡಿಯಾಗೊ ಮೃಗಾಲಯದಿಂದ ಡಿಯಾಗೊ ಎಂಬ ಮೂರನೆಯ ಗಂಡನ್ನು ಕರೆತಂದರು. ಒಂದೇ ಒಂದು ಗಂಡು ಸೇರಿದ್ದರಿಂದ ಏನಾಯಿತೆಂದು ನೀವೇ ಲೆಕ್ಕ ಹಾಕಿ ನೋಡಬಹುದು. ಗಂಡು ಹೆಣ್ಣುಗಳ ಸಂಖ್ಯೆಯನ್ನು ಪರಸ್ಪರ ಗುಣಿಸಿ, ಬಂದದ್ದನ್ನು 4ರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ತಳಿವಿಜ್ಞಾನದ ಕಣ್ಣಿಗೆ ಆ ಗುಂಪು ನಿಜವಾಗಿ ಎಷ್ಟು ದೊಡ್ಡದೆಂಬುದು ಸಿಗುತ್ತದೆ. ಎರಡು ಗಂಡಿದ್ದಾಗ ಹದಿನಾಲ್ಕು ಆಮೆಗಳ ಬೆಲೆ ಸುಮಾರು 7. ಮೂರಾದಾಗ ಹದಿನೈದರ ಬೆಲೆ 9.6. ಎಲ್ಲ ಗಂಡುಗಳೂ ಸಮನಾಗಿ ತಂದೆಯಾದರೆ ಮಾತ್ರ ಈ ಲೆಕ್ಕ ಸರಿ. ಮರಿಗಳ ಪಿತೃತ್ವ ಪರೀಕ್ಷೆಯಲ್ಲಿ ಕಂಡದ್ದೇ ಬೇರೆ: ಸುಮಾರು ಶೇ. 40ರಷ್ಟು ಮರಿಗಳು ಡಿಯಾಗೊನವು, ಉಳಿದವುಗಳಲ್ಲಿ ಬಹುಪಾಲು ಪತ್ರಿಕೆಗಳು ಹೆಸರೆತ್ತದ ಇನ್ನೊಂದು ಗಂಡಿನವು, ಮಿಕ್ಕ ಒಂದು ಗಂಡಿನ ಪಾಲು ನಗಣ್ಯ. ಸುದ್ದಿಯೆಲ್ಲ ಡಿಯಾಗೊನದೇ ಆದದ್ದು ಅನ್ಯಾಯವೆಂದು ನನಗೆ ಅನ್ನಿಸುತ್ತದೆ.

ಸಂತತಿ ಗಟ್ಟಿಯೇ ಎಂಬುದಕ್ಕೆ ಅವಸರದ ಉತ್ತರವಿಲ್ಲ, ಏಕೆಂದರೆ ಆಮೆಯ ಒಂದು ತಲೆಮಾರು ಹತ್ತಾರು ವರ್ಷಗಳದ್ದು. ರಕ್ತಸಂಬಂಧದ ಕೂಡಿಕೆಯ ದೋಷಗಳು ಹೊರಬೀಳುವುದೂ ಅಷ್ಟೇ ನಿಧಾನ. ಆದರೂ ದ್ವೀಪದಲ್ಲಿ ಅವು ತಾವಾಗಿಯೇ ಮರಿಮಾಡುತ್ತಿವೆ. ಹದಿನೈದು ಹಿರಿಯರನ್ನೂ 2020ರ ಜೂನ್‌ನಲ್ಲಿ ಅಲ್ಲಿಗೇ ಒಯ್ದು ಬಿಟ್ಟರು.

ಬೆರೆಸುವುದು ಕೊನೆಯ ದಾರಿ, ಅದೂ ಬೇರೇನೂ ಉಳಿಯದಿದ್ದಾಗ. ಗಲಾಪಗೋಸ್‌ನದೇ ಫ್ಲೋರಿಯಾನಾ ದ್ವೀಪದ ಆಮೆ 19ನೇ ಶತಮಾನದ ನಡುವಿನಲ್ಲೇ ಅಳಿದಿತ್ತು. ಹಡಗಿನವರು ಆಹಾರಕ್ಕೆಂದು ಹೊತ್ತೊಯ್ದು ದಾರಿಯಲ್ಲಿ ಎಸೆದುಹೋದ ಕೆಲವು ಆಮೆಗಳ ಬೆರಕೆ ಸಂತಾನ ಇಸಬೆಲಾ ದ್ವೀಪದ ವುಲ್ಫ್ ಜ್ವಾಲಾಮುಖಿಯ ತಪ್ಪಲಿನಲ್ಲಿ ಸಿಕ್ಕಿತು. ವಸ್ತುಸಂಗ್ರಹಾಲಯದ ಹಳೆಯ ಮೂಳೆಗಳ ಡಿಎನ್‌ಎಯೊಡನೆ ಹೋಲಿಸಿ, ಫ್ಲೋರಿಯಾನಾದ ಅಂಶ ಹೆಚ್ಚಿರುವವನ್ನು ಆರಿಸಿ, 2017ರಿಂದ ಮರಿ ಮಾಡಿಸುತ್ತಿದ್ದಾರೆ.

ಪ್ರಶ್ನೆ: ಇದಕ್ಕೆಲ್ಲ ಆಮೆಯಿಂದ ಬಹಳ ರಕ್ತ ತೆಗೆಯಬೇಕೇ?
– ಓದುಗರು, ಮಲ್ಪೆ

ಉತ್ತರ: ಇಲ್ಲ, ಕೆಲವು ಹನಿ ಸಾಕು. ನಮ್ಮ ಕೆಂಪು ರಕ್ತಕಣಗಳಲ್ಲಿ ಕೋಶಕೇಂದ್ರವಿಲ್ಲ, ಆಮೆಯದರಲ್ಲಿ ಇದೆ. ಆದ್ದರಿಂದ ಒಂದು ಹನಿಯಲ್ಲೇ ಧಾರಾಳ ಡಿಎನ್‌ಎ ಸಿಗುತ್ತದೆ. ಬಾಯೊಳಗೆ ಹತ್ತಿಕಡ್ಡಿ ಆಡಿಸಿಯೂ ಮಾದರಿ ತೆಗೆಯುವುದುಂಟು. ಸತ್ತು ನೂರು ವರ್ಷ ದಾಟಿದ್ದರೂ ಅಡ್ಡಿಯಿಲ್ಲ: ಗಲಾಪಗೋಸ್‌ನ ಫರ್ನಾಂಡಿನಾ ದ್ವೀಪದಲ್ಲಿ 2019ರಲ್ಲಿ ಒಂಟಿ ಹೆಣ್ಣಾಮೆಯೊಂದು ಕಂಡಾಗ, 1906ರಲ್ಲಿ ಅದೇ ದ್ವೀಪದಿಂದ ಒಯ್ದಿದ್ದ ಗಂಡಿನ ದೇಹದ ಡಿಎನ್‌ಎಯೊಡನೆ ಹೋಲಿಸಿಯೇ ಎರಡೂ ಒಂದೇ ವಂಶದವೆಂದು ತೀರ್ಮಾನಿಸಿದರು.